ಗೋದಾಮಿನ ಮಳೆ ನೀರು ಎಲ್ಲಿಗೆ ಬಿಡ್ತೀರಿ ಅಂತ ಕೇಳಿದ್ದಾರೆ. ಏನು ತೋರಿಸಲಿ?

ಗೋದಾಮು ಕಟ್ಟೋನು · ಜೂನ್ 11

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ನಮ್ಮದು 20 ಗುಂಟೆ ಜಾಗ ಇದೆ. ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆ. ತೊಗರಿ ಇಡುವುದಕ್ಕೆ ಒಂದು ಗೋದಾಮು, ಮುಂದೆ ಲಾರಿ ತಿರುಗುವಷ್ಟು ಕಾಂಕ್ರೀಟ್ ಅಂಗಳ, ಒಂದು ಸಣ್ಣ ಆಫೀಸ್ ರೂಮು. ಇಷ್ಟೇ ಕೆಲಸ. ಶೀಟ್ ಛಾವಣಿ ಸುಮಾರು 1,000 ಚದರ ಮೀಟರ್, ಅಂಗಳ 700.

ಪರವಾನಿಗೆಗೆ ಕೊಟ್ಟ ಫೈಲ್ ವಾಪಸ್ ಬಂದಿದೆ. "ಮಳೆ ನೀರಿನ ವಿಲೇವಾರಿ ಲೆಕ್ಕದ ಸಮೇತ ತೋರಿಸಿ" ಅಂತ ಬರೆದಿದ್ದಾರೆ. ನಕಾಶೆಯ ಮೂಲೆಯಲ್ಲಿ ಒಂದು ಇಂಗುಗುಂಡಿ ಇದೆ. ಉದ್ದ ಅಗಲ ಒಂದೂವರೆ ಮೀಟರ್, ಆಳ ಎರಡು ಮೀಟರ್, ಒಳಗೆ ಜಲ್ಲಿ. ಎಲ್ಲರೂ ಇದನ್ನೇ ಹಾಕುತ್ತಾರೆ ಅಂತ ನಕಾಶೆ ಬರೆದವರು ಹೇಳಿದ್ದರು.

ನಾವು ಸುಮ್ನೆ ಕೂತಿಲ್ಲ. ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಗುಂಡಿ ತೋಡಿ ಒಂದು ಬ್ಯಾರಲ್ ನೀರು ಸುರಿದಿದ್ದೆವು. ಹತ್ತೇ ನಿಮಿಷದಲ್ಲಿ ಮಾಯ! ಭೂಮಿ ಇಷ್ಟು ಚೆನ್ನಾಗಿ ನೀರು ಕುಡಿಯುತ್ತದೆ. ಮತ್ತೆ ತಕರಾರು ಯಾಕೆ? ಇದಕ್ಕೆ ಬೇರೆ ಪರ್ಮಿಟ್ ಏನಾದರೂ ಇದೆಯಾ? ಹುಡುಕಿದರೆ ಬರೀ ಅಮೆರಿಕದ್ದು ಸಿಗುತ್ತಿದೆ.

ನಕಾಶೆಯವ · ಜೂನ್ 11

ತಲೆ ಕೆಡಿಸಿಕೊಳ್ಳಬೇಡಿ ಅಣ್ಣಾ. ಇನ್ನೊಂದು ಗುಂಡಿ ಜಾಸ್ತಿ ತೋರಿಸಿ ವಾಪಸ್ ಹಾಕಿ. ನಾನು ಬರೆಯುವ ಎಲ್ಲ ನಕಾಶೆಯಲ್ಲೂ ಗುಂಡಿಯ ಅದೇ ಬ್ಲಾಕ್ (ರೆಡಿ ಚಿತ್ರ) ಇರುತ್ತದೆ. ಪಾಸಾಗುತ್ತಿದೆ.

ಹಳೇ ಲೆವೆಲ್ · ಜೂನ್ 11

ಅದೇ ಬ್ಲಾಕ್ ಅಲ್ವಾ? ಬೆಂಗಳೂರಿನ ಕೆಂಪು ಮಣ್ಣಿಗೆ ಬರೆದದ್ದು ಕಾಪಿ ಆಗುತ್ತಾ ಆಗುತ್ತಾ ಕಲಬುರಗಿಯ ಎರೆ ಭೂಮಿಗೆ ಬಂದಿದೆ. ನಾನು ಮೂವತ್ತು ವರ್ಷ ರಸ್ತೆ, ಗಟಾರ, ಮೋರಿ ಕೆಲಸ ಮಾಡಿ ನಿವೃತ್ತನಾದವನು. ಆ ಗುಂಡಿ ಎಷ್ಟು ಕಡೆ ಕೆಸರು ತುಂಬಿ ಸೊಳ್ಳೆ ಸಾಕಿದೆ ಅಂತ ನೋಡಿದ್ದೇನೆ.

ಗೋದಾಮಿನವರೇ, ಮೇ ತಿಂಗಳ ಪರೀಕ್ಷೆ ಮರೆತುಬಿಡಿ. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ನಿಮ್ಮ ಬ್ಯಾರಲ್ ನೀರು ಮಣ್ಣಿಗೆ ಇಂಗಲಿಲ್ಲ, ಬಿರುಕಿನೊಳಗೆ ಬಿತ್ತು. ಎರಡು ದೊಡ್ಡ ಮಳೆ ಆದ ಮೇಲೆ ಆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದು ಮಣ್ಣಲ್ಲ, ಮಣ್ಣಿನ ಬೋಗುಣಿ. ಆಗಸ್ಟ್‌ನಲ್ಲಿ ಹೊಲದಲ್ಲಿ ನೀರು ದಿನಗಟ್ಟಲೆ ನಿಲ್ಲುವುದನ್ನು ನೋಡಿಲ್ವಾ?

ಸರಿಯಾದ ಪರೀಕ್ಷೆ ಹೀಗೆ. ಮೂರಡಿ ಗುಂಡಿ ತೋಡಿ, ನೀರು ತುಂಬಿಸಿ. ರಾತ್ರಿಯೆಲ್ಲ ನೆನೆಯಲಿ. ಎರೆ ಮಣ್ಣಾದರೆ ಎರಡು ರಾತ್ರಿ ನೆನೆಸಿ. ಆಮೇಲೆ ಮತ್ತೆ ತುಂಬಿಸಿ, ಒಂದು ಕೋಲಿಗೆ ಗುರುತು ಹಾಕಿ ನಿಲ್ಲಿಸಿ. ಗಂಟೆಗೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಿ.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇದನ್ನು ನೆನಪಿಟ್ಟುಕೊಂಡರೆ ಯಾವ ಇಂಜಿನಿಯರ್ ಕೂಡ ನಿಮಗೆ ಟೋಪಿ ಹಾಕಲಾರ. ನಿಮ್ಮದು ಶೀಟ್ ಮತ್ತು ಕಾಂಕ್ರೀಟ್ ಸೇರಿ 1,700 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಸುರಿದರೆ 85,000 ಲೀಟರ್. ಹತ್ತರಲ್ಲಿ ಒಂದು ಪಾಲು ಅಲ್ಲಿಲ್ಲಿ ಹೋಯಿತು ಅಂದುಕೊಂಡರೂ 76,500. ಅಂದರೆ ಸೆಕೆಂಡಿಗೆ 21 ಲೀಟರ್.

ನಿಮ್ಮ ಗುಂಡಿ ನಾಲ್ಕೂವರೆ ಘನ ಮೀಟರ್. ಅದರಲ್ಲಿ ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಮೂರರಲ್ಲಿ ಒಂದು ಪಾಲು, ಸುಮಾರು 1,500 ಲೀಟರ್. ಒಂದೂಕಾಲು ನಿಮಿಷದಲ್ಲಿ ಭರ್ತಿ. ಉಳಿದ ಐವತ್ತೆಂಟು ನಿಮಿಷದ ನೀರು ಎಲ್ಲಿಗೆ ಹೋಗಬೇಕು? ಫೈಲ್‌ನಲ್ಲಿ ಕೇಳಿದ್ದು ಅದನ್ನೇ. ನನಗೆ ಆ ಪ್ರಶ್ನೆ ತಪ್ಪು ಅನ್ನಿಸಲಿಲ್ಲ.

ನಕಾಶೆಯವ · ಜೂನ್ 12

ಕಾಕಾ, ನಮಗೆ ಒಂದು ನಕಾಶೆಗೆ ಕೊಡುವ ದುಡ್ಡಿಗೆ ಮಣ್ಣು ಪರೀಕ್ಷೆ, ಲೆವೆಲ್ (ನೆಲದ ಏರಿಳಿತದ ಅಳತೆ) ಎಲ್ಲ ಯಾರು ಮಾಡುತ್ತಾರೆ? ಗಿರಾಕಿನೇ "ಏನಾದರೂ ಹಾಕಿ ಪಾಸ್ ಮಾಡಿಸಿ" ಅನ್ನುತ್ತಾರೆ.

ಹಳೇ ಲೆವೆಲ್ · ಜೂನ್ 12

ಅದೂ ನಿಜವೇ ಬಿಡಪ್ಪಾ. ನಿನ್ನೊಬ್ಬನ ತಪ್ಪಲ್ಲ.

ತಗ್ಗಿನ ಮನೆ · ಜೂನ್ 12

ನಾನು ಗೋದಾಮಿನವರಿಗೆ ವಿರೋಧವಾಗಿ ಹೇಳುತ್ತಿಲ್ಲ. ಆದರೆ ನನ್ನ ಮನೆ ಇರುವುದು ಇಂಥದೇ ಒಂದು ಶೆಡ್‌ನ ಕೆಳಗಡೆ. ಅವರು ಅಂಗಳಕ್ಕೆ ಮುರುಮ್ (ಪುಡಿಕಲ್ಲಿನ ಮಣ್ಣು) ಹಾಕಿ ಎರಡಡಿ ಎತ್ತರಿಸಿದರು, ಮೇಲೆ ಕಾಂಕ್ರೀಟ್. ಮೊದಲು ಹೊಲದ ನೀರು ನಿಧಾನಕ್ಕೆ ಬಂದು ಬದುವಿನಲ್ಲಿ ನಿಂತು ಹೋಗುತ್ತಿತ್ತು. ಈಗ ಕಾಂಪೌಂಡ್‌ನ ಎರಡು ತೂತಿನಿಂದ ನೇರ ನಮ್ಮ ಅಂಗಳಕ್ಕೆ ಬೀಳುತ್ತದೆ. ಹೋದ ಸೆಪ್ಟೆಂಬರ್‌ನಲ್ಲಿ ಅಡುಗೆಮನೆಯ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು. ಜೋಳದ ಚೀಲ ನೆನೆದು ಮೊಳಕೆ ಬಂತು.

ಅವರ ನಕಾಶೆಯಲ್ಲೂ ಇಂಗುಗುಂಡಿ ಇದೆಯಂತೆ. ಜಾಗದಲ್ಲಿ ನಾನಂತೂ ನೋಡಿಲ್ಲ.

ವಕಾಲತ್ತು · ಜೂನ್ 12

ತಗ್ಗಿನ ಮನೆಯವರೇ, ಇಲ್ಲಿ ಒಂದು ಸೂಕ್ಷ್ಮ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಉದಾಹರಣೆ ಕೊಟ್ಟೇ ಹೇಳಿದ್ದಾರೆ. ಮೇಲಿನ ಜಮೀನಿನ ಮೇಲೆ ಬಿದ್ದ ನೀರು ತನ್ನಷ್ಟಕ್ಕೆ ಕೆಳಗಿನ ಜಮೀನಿಗೆ ಹರಿದು ಬಂದರೆ ಕೆಳಗಿನವರು ತಡೆಯುವ ಹಾಗಿಲ್ಲ. ಎಷ್ಟೋ ಜನ ಇಷ್ಟನ್ನೇ ಓದಿ "ನೀರು ಇಳಿಜಾರಿಗೆ ಹೋಗುತ್ತದೆ, ನಾನೇನು ಮಾಡಲಿ" ಅನ್ನುತ್ತಾರೆ.

ಆದರೆ ಅಲ್ಲಿರುವ ಮಾತು "ತಾನಾಗಿ ಹರಿಯುವುದು". ನೆಲ ಎತ್ತರಿಸಿ, ಕಾಂಕ್ರೀಟ್ ಹಾಕಿ, ನೀರೆಲ್ಲ ಕೂಡಿಸಿ, ಕಾಂಪೌಂಡ್‌ಗೆ ತೂತು ಕೊರೆದು ಬಿಟ್ಟರೆ ಅದು ತಾನಾಗಿ ಹರಿದದ್ದು ಅಂತ ವಾದಿಸುವುದು ಕಷ್ಟ. ಮಳೆ ಬರುವಾಗಲೇ ವಿಡಿಯೋ ತೆಗೆದಿಡಿ. ಅವರ ಮಂಜೂರಾದ ನಕಾಶೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಫೀ, 30 ದಿನದೊಳಗೆ ಉತ್ತರ ಕೊಡಬೇಕು. ನಕಾಶೆಯಲ್ಲಿ ಇದ್ದದ್ದು ಜಾಗದಲ್ಲಿ ಇಲ್ಲ ಅಂದರೆ ಅದೇ ನಿಮ್ಮ ಮೊದಲ ಕಾಗದ.

ಗೋದಾಮು ಕಟ್ಟೋನು · ಜೂನ್ 13

ಅಂದರೆ ನಾನೂ ನಾಳೆ ಯಾರದ್ದೋ ಅಡುಗೆಮನೆ ಸೀಳುವವನೇ ಅನ್ನಿ. ನಮ್ಮ ಅಂಗಳವನ್ನೂ ಎರಡಡಿ ಎತ್ತರಿಸುವುದು ಅಂತಲೇ ಇತ್ತು. ಹಿಂದುಗಡೆ ಒಬ್ಬರ ಹೊಲ ಇದೆ, ಅದರ ಪಕ್ಕ ಒಂದು ನಾಲಾ.

ಕಾಕಾ, ಹಾಗಾದರೆ ಯಾವ ಯಾವ ಕಾಗದ ಬೇಕು? ಪರ್ಮಿಟ್ ಅನ್ನುವುದು ಬೇರೆ ಇದೆಯೋ ಇಲ್ಲವೋ ಹೇಳಿ.

ಟೆಕ್ಸಾಸ್ ಕಲಬುರಗಿ · ಜೂನ್ 13

ನಿಮಗೆ ಹುಡುಕಿದಾಗ ಸಿಕ್ಕಿದ್ದು ನಾನು ದಿನಾ ನೋಡುವ ಪರ್ಮಿಟ್. ಇಲ್ಲಿ ಸೈಟ್ ಇಂಜಿನಿಯರ್ ಆಗಿದ್ದೇನೆ, ಹುಟ್ಟಿದ್ದು ಕಲಬುರಗಿಯ ಬ್ರಹ್ಮಪುರದಲ್ಲಿ. ಅಮೆರಿಕದಲ್ಲಿ 1972ರ ಕ್ಲೀನ್ ವಾಟರ್ ಕಾಯ್ದೆ ಅಂತ ಇದೆ. ಅದರ ಅಡಿ ಒಂದು ಎಕರೆ ಅಥವಾ ಜಾಸ್ತಿ ನೆಲ ಅಗೆದರೆ ಮಳೆ ನೀರಿನ ಪರ್ಮಿಟ್ ಬೇಕು. ಟೆಕ್ಸಾಸ್‌ನಲ್ಲಿ ಒಂದರಿಂದ ಐದು ಎಕರೆ ಒಳಗಾದರೆ ನೋಟಿಸ್ ಬರೆದು ಸೈಟ್ ಬಾಗಿಲಲ್ಲಿ ಅಂಟಿಸಬೇಕು. ಐದು ಮತ್ತು ಮೇಲಾದರೆ ರಾಜ್ಯಕ್ಕೆ ಅರ್ಜಿ ಕಳಿಸಬೇಕು. ಊರಿನ ಮುನಿಸಿಪಾಲಿಟಿಯದ್ದು ಅದರ ಮೇಲೆ ಬೇರೆ.

ತಮಾಷೆ ಅಂದರೆ ನಿಮ್ಮ 20 ಗುಂಟೆ ಅರ್ಧ ಎಕರೆ. ದೊಡ್ಡ ಲೇಔಟ್‌ನ ಭಾಗ ಅಲ್ಲದಿದ್ದರೆ ಆ ಪರ್ಮಿಟ್ ಇಲ್ಲೂ ಬೇಕಾಗುತ್ತಿರಲಿಲ್ಲ.

ಇನ್ನೊಂದು ವ್ಯತ್ಯಾಸ. ಆ ಪರ್ಮಿಟ್‌ನ ಮುಖ್ಯ ಚಿಂತೆ ನೀರು ಎಷ್ಟು ಅನ್ನುವುದಲ್ಲ, ನೀರಿನ ಜೊತೆ ಏನು ಹೋಗುತ್ತದೆ ಅನ್ನುವುದು. ಕಟ್ಟುವಾಗ ಸಡಿಲವಾದ ಮಣ್ಣು, ಸಿಮೆಂಟ್ ತೊಳೆದ ನೀರು, ಡೀಸೆಲ್ ಇವು ಹೊಳೆಗೆ ಹೋಗಬಾರದು. ಅದಕ್ಕೆ ಸೈಟ್ ಸುತ್ತ ತಗ್ಗಿನ ಕಡೆ ಬಟ್ಟೆಯ ತಡೆ ಕಟ್ಟುತ್ತೇವೆ. ಲಾರಿ ಹೊರಗೆ ಹೋಗುವ ದಾರಿಗೆ ದಪ್ಪ ಜಲ್ಲಿ ಹಾಸುತ್ತೇವೆ, ಟೈರ್‌ನ ಮಣ್ಣು ಅಲ್ಲೇ ಉದುರಲಿ ಅಂತ. ನಾನು ವಾರಕ್ಕೊಮ್ಮೆ ಸುತ್ತಿ ನೋಡಿ ಬರೆದಿಡಬೇಕು. ಊರಿಗೆ ಬಂದಾಗ ನಮ್ಮ ಕಡೆ ಮರಳು ರಾಶಿಯನ್ನು ಗಟಾರದ ಮೇಲೇ ಸುರಿದಿರುವುದು ನೋಡಿದರೆ ಕೈ ಕಡಿಯುತ್ತದೆ.

ಹಳೇ ಲೆವೆಲ್ · ಜೂನ್ 13

ಮರಳು ಗಟಾರದ ಮೇಲೆ ಸುರಿಯಿರಿ ಅಂತ ನಮ್ಮ ಕಾನೂನೂ ಹೇಳಿಲ್ಲಪ್ಪಾ. ಕಟ್ಟಡದ ಅವಶೇಷ ಚರಂಡಿಗೆ ಅಡ್ಡ ಬರಬಾರದು ಅಂತ 2016ರ ನಿಯಮದಲ್ಲೇ ಬರೆದಿತ್ತು. ಕೇಳುವವರಿಲ್ಲ, ಅಷ್ಟೇ.

ಈಗ ಗೋದಾಮಿನವರಿಗೆ. ಮಳೆ ನೀರಿನ ಪರ್ಮಿಟ್ ಅನ್ನುವ ಹೆಸರಿನ ಕಾಗದ ನಮ್ಮಲ್ಲಿ ಇಲ್ಲ. ಅದು ಕಟ್ಟಡದ ಪರವಾನಿಗೆಯೊಳಗೇ ಚೂರು ಚೂರಾಗಿ ಸೇರಿಕೊಂಡಿದೆ. ಜಾಗ ಮಹಾನಗರ ಪಾಲಿಕೆ ಗಡಿಯೊಳಗಿದ್ದರೆ ಪರವಾನಿಗೆ ಅಲ್ಲಿ. ಗಡಿಯ ಹೊರಗಿದ್ದು ಯೋಜನಾ ಪ್ರದೇಶದೊಳಗಿದ್ದರೆ ಮೊದಲು ನಗರಾಭಿವೃದ್ಧಿ ಪ್ರಾಧಿಕಾರದಿಂದ ಏಕ ನಿವೇಶನ ನಕ್ಷೆ ಮಂಜೂರಾಗಬೇಕು, ಆಮೇಲೆ ಸ್ಥಳೀಯ ಸಂಸ್ಥೆಯ ಲೈಸೆನ್ಸ್. ಪರಿಸರ ಅನುಮತಿಯ ಗೋಜು ನಿಮಗಿಲ್ಲ. 2006ರ ಅಧಿಸೂಚನೆಯಲ್ಲಿ ಅದು 20,000 ಚದರ ಮೀಟರ್ ಮತ್ತು ಮೇಲಿನ ಕಟ್ಟಡಕ್ಕೆ.

ನಿಜವಾದ ಜಗ್ಗಾಟ ಇರುವುದು ನೀರು ಹೊರಗೆ ಬೀಳುವ ಜಾಗದಲ್ಲಿ. ಮುಂದಿನ ಗಟಾರಕ್ಕೆ ಬಿಡುತ್ತೀರಾ? ಹಾಗಾದರೆ ಆ ರಸ್ತೆ ಯಾರದ್ದು ನೋಡಿ. ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯವರದೋ. ರಸ್ತೆ ಒಡೆದು ಪೈಪ್ ದಾಟಿಸಬೇಕಾದರೆ ರಸ್ತೆ ಯಾರದ್ದೋ ಅವರ ಅನುಮತಿ ಬೇರೆ. ಹಿಂದಿನ ನಾಲಾಕ್ಕೆ ಬಿಡುತ್ತೀರಾ? ಹಾಗಾದರೆ ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಆ ನಾಲಾ ಇದೆಯಾ, ಪಹಣಿಯಲ್ಲಿ ಖರಾಬು (ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ) ಎಷ್ಟು ತೋರಿಸಿದೆ, ಅದು "ಅ" ಖರಾಬೋ "ಬ" ಖರಾಬೋ. "ಬ" ಆದರೆ ಸರ್ಕಾರದ್ದು. ಹಳ್ಳ, ದಾರಿ, ಸ್ಮಶಾನ ಇಂಥವಕ್ಕೆ ಬಿಟ್ಟದ್ದು. ನೀವು ಎನ್.ಎ. ಮಾಡಿಸಿಕೊಂಡರೂ ಅದು ನಿಮ್ಮದಾಗುವುದಿಲ್ಲ. ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಒಂದು ಅಂದಾಜು ಸಿಗುತ್ತದೆ, ಆದರೆ ಅದನ್ನೇ ನಂಬಿ ಗೋಡೆ ಕಟ್ಟಬೇಡಿ. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು, ಅರ್ಜಿ ಹಾಕಿ ಭೂಮಾಪಕರಿಂದ ಅಳತೆ ಮಾಡಿಸಿ.

ಒಳಚರಂಡಿಗೆ ಮಾತ್ರ ಛಾವಣಿ ನೀರು ಕೂಡಿಸಬೇಡಿ. ಅದು ಸಂಡಾಸಿನ ನೀರಿಗೆ ಅಳತೆ ಹಾಕಿದ ಪೈಪು. ಮಳೆ ನೀರು ನುಗ್ಗಿದರೆ ಮುಂದಿನ ಓಣಿಯ ಮ್ಯಾನ್‌ಹೋಲ್ ಉಕ್ಕುತ್ತದೆ.

ಮತ್ತೆ ಎಲ್ಲಕ್ಕಿಂತ ಮೊದಲು ಲೆವೆಲ್ ಹಿಡಿಸಿ. ಒಬ್ಬ ಹುಡುಗ, ಒಂದು ಆಟೋ ಲೆವೆಲ್, ಒಂದು ದಿನದ ಕೆಲಸ.

ಕೆಂಪುಕಲ್ಲು · ಜೂನ್ 14

ಬೀದರ್‌ನಿಂದ ಬರೆಯುತ್ತಿದ್ದೇನೆ. ಇಂಗುಗುಂಡಿಗೆ ಎಲ್ಲರೂ ಬೈಯುತ್ತಿದ್ದೀರಿ. ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದೆ. ಎಂಥಾ ಮಳೆ ಬಂದರೂ ಬೆಳಗ್ಗೆ ನೋಡಿದರೆ ಖಾಲಿ. ನಮ್ಮ ನೆಲ ಜಂಬಿಟ್ಟಿಗೆ ಕಲ್ಲು, ಸ್ಪಂಜಿನ ಹಾಗೆ ತೂತು ತೂತು. ಕೋಟೆಯ ಮೂರು ಸಾಲಿನ ಕಂದಕವನ್ನು ಅದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಬಹಮನಿ ಕಾಲದವರು ನೌಬಾದ್‌ನಲ್ಲಿ ಸುರಂಗ ಬಾವಿ ಮಾಡಿದ್ದೂ ಈ ಕಲ್ಲಿನೊಳಗೆ ಇಳಿದ ನೀರನ್ನು ನಂಬಿಕೊಂಡೇ. ಬಾವಿ ಬಾವಿಗೆ ನೆಲದೊಳಗೆ ದಾರಿ ಕೊರೆದು ನೀರನ್ನು ಇಳಿಜಾರಿನಲ್ಲೇ ಊರಿಗೆ ತಂದರು. ಗುಂಡಿಯದೇನು ತಪ್ಪು?

ಹಳೇ ಲೆವೆಲ್ · ಜೂನ್ 14

ನೀವು ಪುಣ್ಯವಂತರು ಅಕ್ಕಾ. ಬೀದರ್‌ನಲ್ಲಿ ನನ್ನ ಮನೆ ಇದ್ದಿದ್ದರೆ ನಾನೂ ಗುಂಡಿಯನ್ನೇ ತೋಡುತ್ತಿದ್ದೆ. ಆದರೆ ನಿಮ್ಮ ಜಿಲ್ಲೆಯಲ್ಲೂ ಎಲ್ಲ ಕಡೆ ಕೆಂಪು ಕಲ್ಲಿಲ್ಲ. ಭಾಲ್ಕಿ ಕಡೆ ಇಳಿದರೆ ಮತ್ತೆ ಎರೆ.

ಕಲಬುರಗಿಯಲ್ಲೂ ಪೂರ್ತಿ ಬಾಗಿಲು ಮುಚ್ಚಿಲ್ಲ. ಎರೆ ಮಣ್ಣಿನ ಕೆಳಗೆ ಮುರುಮ್ ಇರುತ್ತದೆ, ಕರಿಕಲ್ಲು ಶಿಥಿಲವಾಗಿ ಪುಡಿಯಾದದ್ದು. ಅದು ನೀರು ತೆಗೆದುಕೊಳ್ಳುತ್ತದೆ. ಕೆಲವು ಕಡೆ ಐದಡಿಗೇ ಸಿಗುತ್ತದೆ, ಕೆಲವು ಕಡೆ ಹದಿನೈದಡಿ ಹೋದರೂ ಎರೆ ಮುಗಿಯುವುದಿಲ್ಲ. ಜೆಸಿಬಿಯಿಂದ ಒಂದು ಗುಂಡಿ ತೆಗೆಸಿ ನೋಡದೆ ಹೇಳಲಾಗದು. ಮುರುಮ್ ಮುಟ್ಟಿದರೆ ಸಿಮೆಂಟ್ ರಿಂಗ್ ಇಳಿಸಿ, ಎರೆ ಮಣ್ಣಿನ ಮಟ್ಟದಲ್ಲಿ ರಿಂಗಿನ ಸಂದಿ ಗಾರೆ ಹಾಕಿ ಮುಚ್ಚಿ. ಕೆಳಗೆ ಮುರುಮ್ ಮಟ್ಟದಲ್ಲಿ ಮಾತ್ರ ತೂತಿನ ರಿಂಗ್.

ಯಾಕೆ ಅಂದರೆ ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಯದ ಪಕ್ಕ ಗುಂಡಿ ತೋಡಿ ವರ್ಷವಿಡೀ ನೀರು ಉಣಿಸಿದರೆ ಒಂದು ಮೂಲೆ ಮೇಲೇಳುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಗೋಡೆ ಸೀಳದೆ ಏನು ಮಾಡೀತು? ತಗ್ಗಿನ ಮನೆಯವರ ಅಡುಗೆಮನೆಯ ಬಿರುಕು ಮೂಲೆಯಿಂದ ಮೂಲೆಗೆ ಅಂದರಲ್ಲ, ಅದೇ ಇದು. ಗುಂಡಿ ಪಾಯದಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಇರಲಿ. ಕಟ್ಟಡದ ಸುತ್ತ ಮೂರಡಿಯಾದರೂ ಹೊರಕ್ಕೆ ವಾಟ (ಇಳಿಜಾರು) ಕೊಟ್ಟು ಕಾಂಕ್ರೀಟ್ ಪಟ್ಟಿ ಹಾಕಿ.

ಭೀಮಾ ದಂಡೆ · ಜೂನ್ 15

ಯಾದಗಿರಿಯಲ್ಲಿ 30 × 40 ಸೈಟ್. ನನ್ನದು ಬರೀ ಮನೆ. ಇಷ್ಟೆಲ್ಲ ಬೇಕಾ?

ಹಳೇ ಲೆವೆಲ್ · ಜೂನ್ 15

ಬೇಡ. ಛಾವಣಿ ನೀರು ಜಾಳಿಗೆ ಹಾಕಿ ಸಂಪ್‌ಗೆ ಬಿಡಿ, ಸಂಪ್ ತುಂಬಿದ್ದು ಗಟಾರಕ್ಕೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್. ನಿಮ್ಮ ಕಾಯಿದೆ ಪ್ರಕಾರ ಎಷ್ಟು ಲೀಟರ್ ಅಂತ ನಗರಸಭೆಯಲ್ಲಿ ಕೇಳಿ, ಸೈಟ್ ಅಳತೆ ಮೇಲೆ ಇರುತ್ತದೆ.

ಗೋದಾಮು ಕಟ್ಟೋನು · ಜುಲೈ 6

ವರದಿ ಒಪ್ಪಿಸುತ್ತೇನೆ. ಲೆವೆಲ್ ಹಿಡಿಸಿದೆ. ನಾನು ಇಷ್ಟು ದಿನ ಜಾಗ ರಸ್ತೆ ಕಡೆ ಇಳಿಜಾರು ಅಂದುಕೊಂಡಿದ್ದೆ. ಉಲ್ಟಾ. ರಸ್ತೆಯಿಂದ ಹಿಂದಿನ ಬದುವಿಗೆ 90 ಸೆಂಟಿಮೀಟರ್ ಇಳಿದಿದೆ. ಮುಂದಿನ ಗಟಾರದ ತಳ ರಸ್ತೆಯಿಂದ ಒಂದೂವರೆ ಅಡಿ ಕೆಳಗೆ ಅಷ್ಟೇ. ಅಂಗಳ ಎತ್ತರಿಸದೆ ಅಲ್ಲಿಗೆ ನೀರು ಹತ್ತುವುದೇ ಇಲ್ಲ.

ನೆನೆಸಿದ ಗುಂಡಿಯ ಪರೀಕ್ಷೆಯನ್ನೂ ಮಾಡಿದೆ. ಎರಡು ರಾತ್ರಿ ನೆನೆದ ಮೇಲೆ ತುಂಬಿಸಿದ ನೀರು ಮಾರನೇ ದಿನ ಬೆಳಗ್ಗೆಯೂ ಹಾಗೇ ಇತ್ತು. ಒಂದು ಕಪ್ಪೆ ಬಂದು ಕೂತಿತ್ತು. ಜೆಸಿಬಿ ಗುಂಡಿಯಲ್ಲಿ ಹನ್ನೆರಡು ಅಡಿಗೂ ಎರೆ ಮುಗಿಯಲಿಲ್ಲ. ಇಂಗಿಸುವ ಆಸೆ ಬಿಟ್ಟೆ.

ಕೆಟ್ಟ ಸುದ್ದಿ ಬೇರೆ ಇದೆ. ಹದ್ದುಬಸ್ತು ಆಯಿತು. ಹಿಂದಿನ ನಾಲಾ ಗ್ರಾಮ ನಕ್ಷೆಯಲ್ಲಿ ಹಳ್ಳ ಅಂತಲೇ ಇದೆ. ಅದರ ಪಕ್ಕದ ಪಟ್ಟಿ "ಬ" ಖರಾಬು. ನಮ್ಮ ಕಾಂಪೌಂಡ್ ಗೆರೆ ಅದರೊಳಗೆ ಎರಡು ಮೀಟರ್ ಹೋಗಿದೆ. ಅಪ್ಪನ ಕಾಲದಿಂದ ನಾವು ಅಲ್ಲಿವರೆಗೂ ಉತ್ತಿದ್ದೇವೆ. ಮನೆಯಲ್ಲಿ ಎರಡು ದಿನ ಜಗಳ. ಕೊನೆಗೆ ಗೋಡೆ ಹಿಂದಕ್ಕೆ ತೆಗೆದುಕೊಂಡೆವು. ಇನ್ನೂ ಕಟ್ಟಿರಲಿಲ್ಲ, ಬರೀ ಸುಣ್ಣದ ಗೆರೆ. ಅಷ್ಟು ನಮ್ಮ ಪುಣ್ಯ.

ವಕಾಲತ್ತು · ಜುಲೈ 6

ಒಳ್ಳೇದು ಮಾಡಿದಿರಿ. ಕಟ್ಟಿದ ಮೇಲೆ ಗೊತ್ತಾಗಿದ್ದರೆ ಗೋಡೆಯೂ ಹೋಗುತ್ತಿತ್ತು, ವರ್ಷಗಳೂ ಹೋಗುತ್ತಿದ್ದವು.

ಹಳೇ ಲೆವೆಲ್ · ಜುಲೈ 7

ಕಪ್ಪೆ ನೋಡಿದ ಮೇಲೆ ಬೇರೆ ಪರೀಕ್ಷೆ ಬೇಡ.

ನೋಡಿ, ಈಗ ದಾರಿ ಒಂದೇ. ಹಿಂದಿನ ನಾಲಾಕ್ಕೆ ಬಿಡಬೇಕು, ಆದರೆ ಒಂದೇ ಸಲ ಅಲ್ಲ. ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ನಿಧಾನಕ್ಕೆ ಬಿಡುವ ತೊಟ್ಟಿ ಕಟ್ಟಿ. ನಾಲಾದ ತಳ ನಿಮ್ಮ ಹಿಂದಿನ ನೆಲದಿಂದ ಎಷ್ಟು ಕೆಳಗಿದೆ?

ಗೋದಾಮು ಕಟ್ಟೋನು · ಜುಲೈ 7

ಎರಡು ಮೀಟರ್.

ಹಳೇ ಲೆವೆಲ್ · ಜುಲೈ 7

ಸಾಕು. ಒಳಗೆ ಬರುವುದು ಸೆಕೆಂಡಿಗೆ 21 ಲೀಟರ್. ಹೊರಗೆ 10 ಲೀಟರ್ ಬಿಡುತ್ತೇವೆ ಅಂದುಕೊಳ್ಳಿ. ಪ್ರತಿ ಸೆಕೆಂಡಿಗೆ 11 ಲೀಟರ್ ಉಳಿಯಿತು. ಒಂದು ಗಂಟೆಗೆ 39,600. ಅಂದರೆ 40 ಘನ ಮೀಟರ್ ತೊಟ್ಟಿ. ಉದ್ದ 7, ಅಗಲ 5, ನೀರಿನ ಆಳ 1.2 ಮೀಟರ್ ಇಟ್ಟರೆ 42 ಬರುತ್ತದೆ. ಹೊರಗೆ ಬಿಡುವ ತೂತು 75 ಮಿಲಿಮೀಟರ್. ತೊಟ್ಟಿಯಲ್ಲಿ ಒಂದು ಮೀಟರ್ ನೀರು ನಿಂತಾಗ ಅದರಿಂದ 11–12 ಲೀಟರ್ ಹೋಗುತ್ತದೆ, ಕಡಿಮೆ ಇದ್ದಾಗ ಕಡಿಮೆ. ಅದಕ್ಕೂ ಮೀರಿದ ಮಳೆ ಬಂದರೆ ಮೇಲಿನಿಂದ ಹೊರಳಿ ಹೋಗಲು ಒಂದು ದೊಡ್ಡ ಪೈಪು. ಇದನ್ನು ಮರೆತರೆ ಅಂಗಳವೇ ತೊಟ್ಟಿಯಾಗುತ್ತದೆ.

ಅಂಗಳದಿಂದ ತೊಟ್ಟಿಗೆ ಪೈಪ್ ಎಷ್ಟು ಅಂತ ಮೊದಲೇ ಹೇಳುತ್ತೇನೆ. ಆರು ಇಂಚು ಸಾಲದು. ನೂರಕ್ಕೆ ಒಂದು ವಾಟದಲ್ಲಿ ಅದು 15 ಲೀಟರ್ ಅಷ್ಟೇ ಒಯ್ಯುತ್ತದೆ. ಎಂಟು ಇಂಚಿನದು 30ಕ್ಕಿಂತ ಜಾಸ್ತಿ ಒಯ್ಯುತ್ತದೆ. ಎರಡಿಂಚಿಗೆ ಎಷ್ಟು ವ್ಯತ್ಯಾಸ ನೋಡಿ. ಪ್ಲಂಬರ್ "ಆರು ಇಂಚು ಸಾಕು ಸಾಹೇಬ್ರೇ" ಅಂದೇ ಅನ್ನುತ್ತಾನೆ.

ತೊಟ್ಟಿಯನ್ನು ಇಟ್ಟಿಗೆಯಲ್ಲಿ ಕಟ್ಟಬೇಡಿ, ಎರೆ ಮಣ್ಣು ಉಬ್ಬಿ ಗೋಡೆ ಒಳಕ್ಕೆ ತಳ್ಳುತ್ತದೆ. ಆರ್‌ಸಿಸಿ ಬೇಕು. ಸುತ್ತಲೂ ಎರೆ ತೆಗೆದು ಮುರುಮ್ ತುಂಬಿಸಿ. ನಾಲಾಕ್ಕೆ ಬೀಳುವ ಬಾಯಿಗೆ ಒಂದು ತೂಗು ಬಾಗಿಲು ಹಾಕಿ. ನಾಲಾ ತುಂಬಿ ಹರಿಯುವಾಗ ಅದರ ನೀರು ನಿಮ್ಮ ತೊಟ್ಟಿಗೆ ಉಲ್ಟಾ ನುಗ್ಗಬಾರದು. ಬಾಯಿಯ ಕೆಳಗೆ ನಾಲಾದ ದಂಡೆಗೆ ಕಲ್ಲು ಹೊಂದಿಸಿ, ಇಲ್ಲದಿದ್ದರೆ ಎರಡು ಮಳೆಗೆ ದಂಡೆ ಕೊರೆದು ಹಿಂದಿನವರ ಹೊಲ ಕುಸಿಯುತ್ತದೆ.

ಅಂಗಳ ಎತ್ತರಿಸುವ ಆಲೋಚನೆ ಕೈಬಿಡಿ. ಅದರ ಖರ್ಚಿನಲ್ಲೇ ತೊಟ್ಟಿಯ ಅರ್ಧ ಆಗುತ್ತದೆ.

ಟೆಕ್ಸಾಸ್ ಕಲಬುರಗಿ · ಜುಲೈ 7

ಕಾಕಾ ಹೇಳಿದ್ದನ್ನೇ ನಾವು ಇಲ್ಲಿ ಡಿಟೆನ್ಶನ್ ಅನ್ನುತ್ತೇವೆ. ಒಂದು ಸೇರಿಸಲಾ? ತೊಗರಿ ಗೋದಾಮು ಅಂದರೆ ಹೊಟ್ಟು, ಧೂಳು ಜಾಸ್ತಿ. 75 ಮಿಲಿಮೀಟರ್ ತೂತು ಒಂದೇ ವಾರಕ್ಕೆ ಕಟ್ಟಿಕೊಳ್ಳುತ್ತದೆ. ತೊಟ್ಟಿಗೆ ಮೊದಲು ಒಂದು ಸಣ್ಣ ಚೇಂಬರ್ ಇರಲಿ, ಹೊಟ್ಟು ಅಲ್ಲೇ ನಿಲ್ಲಲಿ. ಕೈಯಿಂದ ತೆಗೆಯುವ ಜಾಳಿಗೆ ಹಾಕಿ.

ಗೋದಾಮು ಕಟ್ಟೋನು · ಜುಲೈ 8

ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ದೊಡ್ಡ ಉಪಕಾರ.

ಇನ್ನೊಂದು ಪ್ರಶ್ನೆ. ಇಷ್ಟು ನೀರು ನಾಲಾಕ್ಕೆ ಬಿಡುವ ಬದಲು ನಮ್ಮ ಒಣಗಿದ ಬೋರ್‌ಗೆ ಬಿಟ್ಟರೆ?

ಹಳೇ ಲೆವೆಲ್ · ಜುಲೈ 8

ಅಂಗಳದ ನೀರು ಬೇಡವೇ ಬೇಡ. ಲಾರಿಯ ಆಯಿಲ್, ಡೀಸೆಲ್ ಎಲ್ಲ ಅದರಲ್ಲಿದೆ. ಬೋರ್‌ಗೆ ಬಿಟ್ಟರೆ ಸುತ್ತಲಿನವರ ಕುಡಿಯುವ ನೀರಿಗೇ ವಿಷ ಹಾಕಿದ ಹಾಗೆ. ಛಾವಣಿಯ ನೀರು ಬೇರೆ ಪೈಪಿನಲ್ಲಿ ತಂದು, ಮರಳು ಜಲ್ಲಿಯ ಫಿಲ್ಟರ್ ದಾಟಿಸಿ ಬಿಡಬಹುದು. ಫಿಲ್ಟರ್ ಪ್ರತಿ ಮಳೆಗಾಲದ ಮೊದಲು ತೊಳೆಯುವ ತಾಳ್ಮೆ ಇದ್ದರೆ ಮಾತ್ರ. ನಮ್ಮ ಕಡೆ ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ. ನಿಮ್ಮ 1,000 ಚದರ ಮೀಟರ್ ಛಾವಣಿಯಿಂದ ಆರು ಲಕ್ಷ ಲೀಟರ್ ಸಿಗುತ್ತದೆ. ಬಿಡಲು ಮನಸ್ಸಾಗುವುದಿಲ್ಲ, ಒಪ್ಪುತ್ತೇನೆ. ನಾನಾದರೆ ಮೊದಲು ಹತ್ತು ಸಾವಿರ ಲೀಟರ್ ಸಂಪ್ ಕಟ್ಟಿ ಬಳಸುತ್ತೇನೆ, ಬೋರ್ ಆಮೇಲೆ.

ತಗ್ಗಿನ ಮನೆ · ಜುಲೈ 9

ಗೋದಾಮಿನವರೇ, ನೀವು ನಮ್ಮ ಪಕ್ಕದಲ್ಲಿ ಜಾಗ ತಗೊಂಡಿದ್ದರೆ ಚೆನ್ನಾಗಿತ್ತು ನೋಡಿ.

ಗೋದಾಮು ಕಟ್ಟೋನು · ಆಗಸ್ಟ್ 22

ಪರವಾನಿಗೆ ಬಂತು. ಲೆವೆಲ್ ನಕಾಶೆ, ಕಾಕಾ ಹೇಳಿದ ಲೆಕ್ಕ ಎರಡು ಪುಟ, ತೊಟ್ಟಿಯ ಅಡ್ಡಕೊಯ್ತ, ಹದ್ದುಬಸ್ತಿನ ಪ್ರತಿ, ನಾಲಾಕ್ಕೆ ಬಿಡುವ ಬಾಯಿಯ ಫೋಟೋ ಇಷ್ಟು ಕೊಟ್ಟೆ. ಒಂದೇ ಷರತ್ತು ಹಾಕಿದ್ದಾರೆ. ತೊಟ್ಟಿ ಮುಗಿಯದೆ ಓಸಿ (ಕಟ್ಟಡ ಬಳಸಲು ಕೊಡುವ ಸ್ವಾಧೀನ ಪತ್ರ) ಇಲ್ಲ. ಓಸಿ ಇಲ್ಲದೆ ಜೆಸ್ಕಾಂನವರು ಕಾಯಂ ಕರೆಂಟ್ ಕೊಡುವುದಿಲ್ಲವಂತೆ.

ವಕಾಲತ್ತು · ಆಗಸ್ಟ್ 22

ಅದು ಸುಪ್ರೀಂ ಕೋರ್ಟ್‌ನ 2024ರ ಡಿಸೆಂಬರ್ ತೀರ್ಪಿನಿಂದ ಬಿಗಿಯಾದದ್ದು. ಓಸಿ ನೋಡಿಯೇ ನೀರು, ಕರೆಂಟ್ ಕೊಡಬೇಕು ಅಂತ ಹೇಳಿದ್ದಾರೆ. ತೊಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಗೋದಾಮು ಕಟ್ಟೋನು · ಸೆಪ್ಟೆಂಬರ್ 19

ಕೊನೆಗೆ ಇಟ್ಟುಕೊಳ್ಳಲಿಲ್ಲ, ಮೊದಲೇ ತೋಡಿಸಿದೆ. ಅದೇ ತಪ್ಪಾಯಿತು. ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಮಳೆ ಜೋರು ಅಂತ ಗೊತ್ತಿದ್ದೂ ಗುಂಡಿ ಬಾಯಿ ತೆರೆದು ಬಿಟ್ಟೆ. ಮೊನ್ನೆ ರಾತ್ರಿಯ ಮಳೆಗೆ ಒಂದು ಕಡೆಯ ಮಣ್ಣು ಪೂರ್ತಿ ಒಳಗೆ ಕುಸಿದಿದೆ. ಯಾರೂ ಒಳಗಿರಲಿಲ್ಲ. ತೆಗೆದು ಹಾಕಿದ ಎರೆ ಮಣ್ಣಿನ ರಾಶಿ ಕರಗಿ ಅರ್ಧ ನಾಲಾಕ್ಕೆ ಹೋಯಿತು. ಟೆಕ್ಸಾಸ್ ಅಣ್ಣಾ, ನಿಮ್ಮ ಬಟ್ಟೆಯ ತಡೆ ನೆನಪಾಯಿತು, ತಡವಾಗಿ.

ಟೆಕ್ಸಾಸ್ ಕಲಬುರಗಿ · ಸೆಪ್ಟೆಂಬರ್ 19

ಈಗಲೂ ಹಾಕಿ. ಸಿಮೆಂಟ್ ಚೀಲ ಬಿಚ್ಚಿ ಹೊಲಿದು, ಗೂಟಕ್ಕೆ ಕಟ್ಟಿ, ಕೆಳ ಅಂಚನ್ನು ಆರಿಂಚು ಮಣ್ಣಿನಲ್ಲಿ ಹೂಳಿ. ಹೂಳದಿದ್ದರೆ ನೀರು ಅಡಿಯಿಂದ ನುಸುಳುತ್ತದೆ. ರಾಶಿಯ ಮೇಲೆ ತಾಡಪತ್ರಿ.

ಗೋದಾಮು ಕಟ್ಟೋನು · ಜನವರಿ 28

ತೊಟ್ಟಿ ಮುಗಿದಿದೆ. ಟ್ಯಾಂಕರ್ ತರಿಸಿ ತುಂಬಿಸಿ ನೋಡಿದೆವು, ಸೋರಿಕೆ ಇಲ್ಲ. ತೂತಿನಿಂದ ಸರಿಯಾಗಿ ಹೋಗುತ್ತಿದೆ. ಛಾವಣಿ ಶೀಟ್ ಕೆಲಸ ನಡೆಯುತ್ತಿದೆ.

ಈಗ ಹೊಟ್ಟಿನ ಚೇಂಬರ್ ಮೇಲೆ ಮುಚ್ಚಳ ಬೇಕು. ಅದು ಲಾರಿ ತಿರುಗುವ ಜಾಗದಲ್ಲೇ ಬಂದಿದೆ. ಮನೆಯಲ್ಲಿ ಶಹಾಬಾದ್ ಹಾಸುಗಲ್ಲು ಮಿಕ್ಕಿದೆ, ಎರಡಿಂಚು ದಪ್ಪ. ನಡೆಯುತ್ತದಾ?

ಹಳೇ ಲೆವೆಲ್ · ಜನವರಿ 28

ಎತ್ತಿನ ಗಾಡಿಗೆ ನಡೆಯುತ್ತದೆ. ತೊಗರಿ ತುಂಬಿದ ಲಾರಿಗೆ ನಡೆಯುವುದಿಲ್ಲ. ಹೆವಿ ಡ್ಯೂಟಿ ಆರ್‌ಸಿಸಿ ಮುಚ್ಚಳ ತನ್ನಿ, ಮೇಲೆ ಎಷ್ಟು ಟನ್ ತಡೆಯುತ್ತದೆ ಅಂತ ಅಚ್ಚು ಇರುವಂಥದ್ದು. ಎತ್ತಲು ಎರಡು ಕೊಂಡಿ ಇರಲಿ. ಎತ್ತಲು ಕಷ್ಟವಾದರೆ ಯಾರೂ ಹೊಟ್ಟು ತೆಗೆಯುವುದಿಲ್ಲ.

ಶಹಾಬಾದ್ ಕಲ್ಲನ್ನು ನಾಲಾದ ಬಾಯಿಗೆ ಹಾಸಿ.